ಅಪ್‌ಡೇಟ್: ಮಗಳು ಹಾಲು ಕಡಿಮೆ ಮಾಡಿದ್ದು ಯಾಕೆ ಅಂತ ಗೊತ್ತಾಯಿತು

ಐದು ತಿಂಗಳ ಮಗಳು ಎರಡು ಗುಟುಕು ಕುಡಿದು ಮೊಲೆ ಬಿಟ್ಟು ಅಳುತ್ತಾಳೆ ಅಂತ ಕೇಳಿದ್ದೆ ಅಲ್ವಾ? ಹಾಸನದಲ್ಲೇ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಬಾಯಿ, ಕಿವಿ ಎಲ್ಲ ನೋಡಿದರು. ಈ ಜಡಿಮಳೆಯ ಥಂಡಿಗೆ ಮೂಗು ಕಟ್ಟಿತ್ತು, ಅಷ್ಟೇ. ಹಾಲು ಎಳೆಯುವಾಗ ಮಗು ಮೂಗಿನಲ್ಲೇ ಉಸಿರಾಡಬೇಕಲ್ಲ, ಪಾಪ, ಉಸಿರಿಗಾಗಿ ಬಿಡುತ್ತಿದ್ದಳು. ಹಾಲು ಕೊಡುವ ಮುಂಚೆ ಮೂಗಿಗೆ ಸಲೈನ್ ಹನಿ (ಉಪ್ಪುನೀರಿನ ಔಷಧಿ ಹನಿ) ಹಾಕಲು ಹೇಳಿದರು. ಈಗ ನನ್ನ ಬೆರಳು ಹಿಡಿದುಕೊಂಡು ಗಟಗಟ ಕುಡಿಯುತ್ತಾಳೆ!

ರಾಗಿ ಸರಿ ಶುರು ಮಾಡು ಅಂತ ಅತ್ತೆ ಹೇಳಿದ್ದರು. ಆರು ತಿಂಗಳು ತುಂಬಲಿ ಅಂದರು ಡಾಕ್ಟರ್. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತ ಲೆಕ್ಕವಂತೆ. ಉಚ್ಚೆ ಕಡಿಮೆಯಾದರೆ, ಜ್ವರ ಬಂದರೆ, ಮಗು ಮಂಕಾದರೆ ಸುಮ್ನೆ ಕಾಯಬೇಡಿ, ಕೂಡಲೇ ತೋರಿಸಿ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.