ಉತ್ತರದ ಕಿಟಕಿಗೂ ಸಜ್ಜಾ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಮೈಸೂರಿನಲ್ಲಿ ನಮ್ಮ ವಿಶ್ವವಿದ್ಯಾಲಯದ ಒಂದು ವಿಭಾಗಕ್ಕೆ ಮೂರು ಅಂತಸ್ತಿನ ಕಟ್ಟಡ ಬರ್ತಿದೆ. ನಾನು ಪಾಠ ಹೇಳುವವನು, ಕಟ್ಟಡ ಸಮಿತಿಯಲ್ಲಿದ್ದೇನೆ. ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಗ್ರಿಹ ರೇಟಿಂಗ್‌ನಲ್ಲಿ ಐದು ಸ್ಟಾರ್ ಬರಬೇಕು ಅಂತ ತೀರ್ಮಾನ ಆಗಿದೆ. ನಕ್ಷೆಯಲ್ಲಿ ರಸ್ತೆ ಕಡೆ, ಅಂದರೆ ಪಶ್ಚಿಮಕ್ಕೆ, ಪೂರ್ತಿ ಗಾಜು. ಉತ್ತರಕ್ಕೆ ದೊಡ್ಡ ಕಿಟಕಿಗಳು, ಸಜ್ಜಾ ಇಲ್ಲ. ಉತ್ತರಕ್ಕೆ ಬಿಸಿಲೇ ಬೀಳಲ್ಲ ಅಂತಾರೆ. ನಿಜವಾ?

ಉತ್ತರ: ನಮಸ್ಕಾರ ಸರ್. ಗೋಡೆ ಏಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆ ಮಾತು ನಮ್ಮೂರಿಗೆ ಹೊಂದಲ್ಲ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ ಕೊನೆಯಲ್ಲಿ ಸೈಟಿನಲ್ಲಿ ಒಂದು ಕೋಲು ನೆಟ್ಟು, ಹನ್ನೆರಡೂಕಾಲರ ಹೊತ್ತಿಗೆ ನೋಡಿ. ನೆರಳು ದಕ್ಷಿಣಕ್ಕೆ ಬಿದ್ದಿರುತ್ತೆ. ಸಮಿತಿಯವರನ್ನೂ ಕರ್ಕೊಂಡು ಹೋಗಿ ತೋರಿಸಿ.

ಐದಡಿ ಎತ್ತರದ ಕಿಟಕಿಗೆ ಉತ್ತರದಲ್ಲಿ ಒಂದೂಕಾಲಡಿ ಸಜ್ಜಾ ಸಾಕು. ಜೊತೆಗೆ ಎರಡೂ ಪಕ್ಕ ನಿಲುವು ಹಲಗೆ ಕೊಡಿ, ಬೆಳಿಗ್ಗೆ ಸಂಜೆಯ ಓರೆ ಬಿಸಿಲು ತಡೆಯುತ್ತೆ. ದಕ್ಷಿಣಕ್ಕೆ ಎರಡಡಿಯಾದರೂ ಇರಲಿ.

ನನಗೆ ನಿಜಕ್ಕೂ ಚಿಂತೆ ಆಗ್ತಿರೋದು ಪಶ್ಚಿಮದ ಗಾಜು. ಸಂಜೆ ಸೂರ್ಯ ಕೆಳಗಿರುತ್ತಾನೆ, ಯಾವ ಸಜ್ಜಾನೂ ತಡೆಯಲ್ಲ. ಇಂಥದ್ದೇ ಒಂದು ಕಟ್ಟಡಕ್ಕೆ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ ಹೋಗಿದ್ದೆ. ಮಕ್ಕಳು ಗಾಜಿಗೆ ಪೇಪರ್ ಅಂಟಿಸಿದ್ದರು. ಕತ್ತಲೆಯಾಯ್ತು ಅಂತ ಟ್ಯೂಬ್‌ಲೈಟ್ ಹಾಕಿದ್ದರು, ಮೇಲೆ ಏಸಿ. ನೋಡಿ ಹೊಟ್ಟೆ ಉರೀತು. ಮೆಟ್ಟಿಲು, ಟಾಯ್ಲೆಟ್, ಸ್ಟೋರು ಎಲ್ಲ ಪಶ್ಚಿಮಕ್ಕೆ ತಳ್ಳಿ. ಪಾಠದ ಕೋಣೆಗಳು ಉತ್ತರ ದಕ್ಷಿಣಕ್ಕೆ ತೆರೆಯಲಿ. ಇದಕ್ಕೆ ಜಾಸ್ತಿ ಖರ್ಚೂ ಇಲ್ಲ.

ಮಂಡ್ಯದಿಂದ ಇನ್ನೊಬ್ಬರು: ಮೇಡಂ, ತಾರಸಿ ತುಂಬಾ ಸೋಲಾರ್ ಹಾಕಿದ್ರೆ ಸ್ಟಾರ್ ಸಿಗಲ್ವಾ?

ಉತ್ತರ: ಸಿಗಲ್ಲ ಸರ್. ಗ್ರಿಹದ 2019ರ ಆವೃತ್ತಿಯಲ್ಲಿ 100 ಅಂಕಕ್ಕೆ 86 ಬಂದರೆ ಮಾತ್ರ ಐದು ಸ್ಟಾರ್. ನೀರು, ಕಸ, ಕಟ್ಟುವ ಸಾಮಗ್ರಿ, ಪಾಯ ತೆಗೆಯುವಾಗ ಮೇಲ್ಮಣ್ಣು ಎತ್ತಿಟ್ಟಿರಾ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಮೊದಲು ಕರೆಂಟಿನ ಅಗತ್ಯವನ್ನೇ ಇಳಿಸಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತೆ, ಕಡಿಮೆ ಕರೆಂಟಿನ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್‌ಗೆ 30ರ ಆಸುಪಾಸು ಸಾಕು. ಸೋಲಾರ್ ಆಮೇಲೆ. ಮಳೆನೀರನ್ನಂತೂ ಬಿಡಲೇಬೇಡಿ. ನಮ್ಮಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ. ಸಾವಿರ ಚದರ ಮೀಟರ್ ತಾರಸಿ ಮೇಲೆ ಬೀಳೋದೇ ಎಂಟು ಲಕ್ಷ ಲೀಟರ್.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಸೋಮವಾರದ ಮೀಟಿಂಗ್‌ನಲ್ಲಿ ಪಶ್ಚಿಮದ ಗಾಜಿನ ವಿಷಯವನ್ನೇ ಮೊದಲು ಎತ್ತುತ್ತೇನೆ.

ಉತ್ತರ: ಎತ್ತಿ ಸರ್. ನಕ್ಷೆಯನ್ನು ಇಲ್ಲೇ ಹಾಕಿ, ಮೀಟಿಂಗ್‌ಗೆ ಮೊದಲೇ ನೋಡಿ ಹೇಳ್ತೀನಿ.