ಸಿಎ 15-3 ನಾರ್ಮಲ್ ಬಂದಿದೆ, ಮ್ಯಾಮೊಗ್ರಾಂ ಆಮೇಲೆ ಮಾಡಿಸಿದರೆ ಆಗದಾ ಡಾಕ್ಟ್ರೇ?

ಪ್ರಶ್ನೆ (ಶಿರಸಿಯಿಂದ): ನಮಸ್ಕಾರ ಡಾಕ್ಟ್ರೇ. ನನಗೆ 46 ವರ್ಷ. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಚಾಲಿ ಅಡಿಕೆಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿ ಮೂರು ವಾರವಾಯ್ತು. ನೋವೇನಿಲ್ಲ. ಲ್ಯಾಬಿನ ಪ್ಯಾಕೇಜಿನಲ್ಲಿ ಸಿಎ 15-3 ಅನ್ನುವ ರಕ್ತ ಪರೀಕ್ಷೆ ಮಾಡಿಸಿದೆ, 18 ಬಂದಿದೆ. 30ರ ಒಳಗಿದ್ದರೆ ನಾರ್ಮಲ್ ಅಂತ ಪಕ್ಕದಲ್ಲೇ ಬರೆದಿದೆ. ಮನೆಯಲ್ಲಿ ಅಡಿಕೆ ಕೊಯ್ಲು ನಡೆದಿದೆ. ಅದು ಮುಗಿದ ಮೇಲೆ ಹುಬ್ಬಳ್ಳಿಗೆ ಹೋದರೆ ಆಗದಾ?

ಉತ್ತರ (ಕ್ಯಾನ್ಸರ್ ತಜ್ಞೆ): ಬೇಡ ಅಕ್ಕಾ, ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಆ 18 ನಿಮ್ಮ ಗಂಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸ್ತನದ ಜೀವಕೋಶಗಳ ಮೇಲೆ ಎಂಯುಸಿ1 ಅನ್ನುವ ಪ್ರೋಟೀನ್ ಇರುತ್ತದೆ. ಅದರಿಂದ ಉದುರಿ ರಕ್ತಕ್ಕೆ ಸೇರಿದ ಅಂಶವನ್ನು ಈ ಪರೀಕ್ಷೆ ಅಳೆಯುತ್ತದೆ. ಗಡ್ಡೆ ಚಿಕ್ಕದಿದ್ದಾಗ ಉದುರುವುದೇ ಕಡಿಮೆ. ಹಾಗಾಗಿ ಆರಂಭದ ಕ್ಯಾನ್ಸರ್ ಇರುವ ಬಹಳಷ್ಟು ಹೆಂಗಸರಲ್ಲಿ ಇದು ನಾರ್ಮಲ್ಲೇ ಬರುತ್ತದೆ. ಲಿವರ್ ತೊಂದರೆ ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಇಂಥದ್ದನ್ನು ಆರೋಗ್ಯ ಪ್ಯಾಕೇಜಿಗೆ ಸೇರಿಸಿ ಮಾರುವುದು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ಡಾಕ್ಟರ ಹತ್ತಿರ ಎದೆ, ಕಂಕುಳು ಎರಡನ್ನೂ ತೋರಿಸಿ. ಆಮೇಲೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಜೊತೆಗೆ ಅಲ್ಟ್ರಾಸೌಂಡ್. ಅನುಮಾನ ಕಂಡರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಎಷ್ಟೋ ಗಂಟುಗಳು ಕ್ಯಾನ್ಸರ್ ಅಲ್ಲ. ಅದು ಖಚಿತವಾಗಬೇಕಾದರೂ ಇಷ್ಟು ಆಗಲೇಬೇಕು.

ಪ್ರಶ್ನೆ (ಕುಮಟಾದಿಂದ): ನಮ್ಮ ಅತ್ತಿಗೆಗೆ ಸ್ತನದ ಕ್ಯಾನ್ಸರ್ ಮೂಳೆಗೆ ಹಬ್ಬಿದೆ. ಹೊಸ ಔಷಧಿ ಶುರುಮಾಡಿ ಮೂರು ವಾರಕ್ಕೆ ಸಿಎ 15-3 92ರಿಂದ 118ಕ್ಕೆ ಹೋಗಿದೆ. ಔಷಧಿ ನಾಟಲಿಲ್ಲವಾ?

ಉತ್ತರ: ಈಗಲೇ ಹಾಗೆ ಹೇಳಲಿಕ್ಕಾಗದು. ಹಬ್ಬಿದ ಕ್ಯಾನ್ಸರಿನಲ್ಲಿ ಈ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಚಿಕಿತ್ಸೆ ಶುರುವಾದ ಮೊದಲ 4ರಿಂದ 6 ವಾರ ಔಷಧಿ ಕೆಲಸ ಮಾಡುತ್ತಿದ್ದರೂ ಅಂಕಿ ಏರಬಹುದು. ಒಂದೇ ಅಂಕಿ ನೋಡಿ ಔಷಧಿ ಬದಲಿಸುವುದಿಲ್ಲ. ಸ್ಕ್ಯಾನು, ಅವರ ನೋವು, ಊಟ ಎಲ್ಲ ಸೇರಿಸಿ ನೋಡುತ್ತೇವೆ. ಪ್ರತಿ ಸಲ ಅದೇ ಲ್ಯಾಬಿನಲ್ಲಿ ಮಾಡಿಸಿ. ಒಮ್ಮೆ ಕುಮಟಾ, ಒಮ್ಮೆ ಮಂಗಳೂರು ಅಂತಾದರೆ ಅಂಕಿಗಳು ತಾಳೆಯಾಗುವುದಿಲ್ಲ.

ರಕ್ತದಲ್ಲಿ ಗಡ್ಡೆಯ ಡಿಎನ್ಎ ಹುಡುಕುವ ಪರೀಕ್ಷೆಯೂ ಬಂದಿದೆ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಕ್ಯಾನ್ಸರಿನಲ್ಲಿ ಇಎಸ್ಆರ್1 ಅನ್ನುವ ಜೀನಿನಲ್ಲಿ ಬದಲಾವಣೆ ಸಿಕ್ಕರೆ ಕೊಡುವ ಎಲಾಸೆಸ್ಟ್ರಾಂಟ್ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅತ್ತಿಗೆಗೆ ಅದು ಬೇಕಾ ಅಂತ ಅವರ ಡಾಕ್ಟರನ್ನೇ ಕೇಳಿ.

ಶಿರಸಿಯವರು: ಅಲ್ಟ್ರಾಸೌಂಡ್ ಇಲ್ಲೇ ಆಗ್ತದೆ. ನಾಳೆ ಅದೊಂದು ಮಾಡಿಸಿದರೆ ಸಾಕಾ?

ಉತ್ತರ: ನಾಳೆಯೇ ಮಾಡಿಸಿ ಅಕ್ಕಾ. ಆದರೆ ಅದರಲ್ಲಿ ಏನೂ ಕಾಣಲಿಲ್ಲ ಅಂತ ಮ್ಯಾಮೊಗ್ರಾಂ ಬಿಡಬೇಡಿ. ಇದೇ ವಾರ ಹುಬ್ಬಳ್ಳಿಗೆ ಹೊರಡಿ.