ರಾತ್ರಿಯಿಡೀ ಲೈಟ್ ಉರಿದರೆ ಇಲಿಗಳ ಋತುಚಕ್ರ ನಿಲ್ಲುತ್ತಾ?

ತೊಗರಿನಾಡು (ಕಲಬುರಗಿ):
ಎಂಎಸ್ಸಿ ಪ್ರಾಜೆಕ್ಟಿಗೆ ದಿನಾ ಬೆಳಿಗ್ಗೆ ಹೆಣ್ಣಿಲಿಗಳ ಯೋನಿ ಸ್ಮಿಯರ್ (ಯೋನಿಯಿಂದ ತೆಗೆದು ಸ್ಲೈಡಿಗೆ ಸವರಿದ ಕೋಶಗಳು) ನೋಡುತ್ತೇನೆ. ಮೊದಲು ಚಕ್ರ ನಾಲ್ಕೈದು ದಿನಕ್ಕೊಮ್ಮೆ ಸರಿಯಾಗಿ ತಿರುಗುತ್ತಿತ್ತು. ಬೇಸಿಗೆಯಲ್ಲಿ ವೋಲ್ಟೇಜ್ ಏರುಪೇರಾಗಿ ಲೈಟಿನ ಟೈಮರ್ ಸುಟ್ಟುಹೋಯ್ತು. ಆಗಿನಿಂದ ಟ್ಯೂಬ್‌ಲೈಟ್ ಹಗಲೂ ರಾತ್ರಿ ಉರಿಯುತ್ತಿದೆ. ರಿಪೇರಿ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಈಗ ಯಾವ ಸ್ಲೈಡ್ ಇಟ್ಟರೂ ಬರೀ ಕಾರ್ನಿಫೈಡ್ (ಗಡುಸಾದ ಚಪ್ಪಟೆ) ಕೋಶಗಳು, ಅವಲಕ್ಕಿ ಚೆಲ್ಲಿದ ಹಾಗೆ. ಚಕ್ರದ ಬೇರೆ ದಿನಗಳಲ್ಲಿ ಕಾಣೋ ಬಿಳಿ ರಕ್ತಕಣ ಹುಡುಕಿದರೂ ಸಿಗಲ್ಲ. ಗೈಡ್ ಇದು ಸೆಖೆ ಅಂತಾರೆ. ಸೆಖೆನಾ, ಲೈಟಾ?

ಭೀಮಾತೀರ (ಯಾದಗಿರಿ):
ನಮ್ಮ ಕಡೆ ಬಿಸಿಲಿಗೆ ಮನುಷ್ಯರೇ ಕೆಡ್ತಾರೆ, ಇಲಿ ಯಾವ ಲೆಕ್ಕ! ಕೂಲರ್ ಹಾಕಿ ನೋಡಿ.

ಬೀದರ್ ಮೇಷ್ಟ್ರು:
ಕೂಲರ್ ಹಾಕಿ, ಬೇಡ ಅನ್ನಲ್ಲ. ಆದರೆ ನನ್ನ ಅನುಮಾನ ಲೈಟಿನ ಮೇಲೆ. ಸತತ ಬೆಳಕಲ್ಲಿ ವಾರಗಟ್ಟಲೆ ಇಟ್ಟರೆ ಇಲಿ ಈಸ್ಟ್ರಸ್‌ನಲ್ಲೇ (ಬೆದೆಯ ಹಂತದಲ್ಲೇ) ಸಿಕ್ಕಿಕೊಳ್ಳುತ್ತೆ, ಇದು ಹಳೇ ವಿಷಯ.

ಮಿದುಳಿನ ಬುಡದ ಹೈಪೊಥಲಾಮಸ್‌ನಲ್ಲಿ ಎಸ್‌ಸಿಎನ್ ಅಂತ ಪುಟ್ಟ ಗಡಿಯಾರ ಇದೆಯಲ್ಲ, ಅದು ದಿನಾ ಮಧ್ಯಾಹ್ನ ಒಂದು ಸಂಕೇತ ಕಳಿಸುತ್ತೆ. ಪ್ರೊಈಸ್ಟ್ರಸ್ ದಿನ, ಅಂದ್ರೆ ಈಸ್ಟ್ರಸ್‌ಗೆ ಹಿಂದಿನ ದಿನ, ಅಂಡಾಶಯದ ಹಾರ್ಮೋನ್ ಈಸ್ಟ್ರೋಜನ್ ಏರಿರುತ್ತೆ. ಆ ದಿನ ಮಾತ್ರ ಅಲ್ಲಿನ ಕಿಸ್‌ಪೆಪ್ಟಿನ್ ಅನ್ನೋ ನರಕೋಶಗಳು ಸಂಕೇತಕ್ಕೆ ಓಗೊಟ್ಟು ಜಿಎನ್‌ಆರ್‌ಎಚ್ ಹಾರ್ಮೋನ್ ಬಿಡಿಸುತ್ತವೆ, ಅದರಿಂದ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನ್ ಉಕ್ಕುತ್ತೆ, ಅಂಡ ಹೊರಬೀಳುತ್ತೆ. ಎವರೆಟ್ ಮತ್ತು ಸಾಯರ್ ಅನ್ನೋ ವಿಜ್ಞಾನಿಗಳು 1950ರಲ್ಲೇ ಈ ದಿನಕ್ಕೊಮ್ಮೆಯ ಸಂಕೇತದ ಸುಳಿವು ಹಿಡಿದಿದ್ದರು. ಪ್ರೊಈಸ್ಟ್ರಸ್ ಮಧ್ಯಾಹ್ನ 2 ಗಂಟೆಗೆ ಇಲಿಗೆ ಮತ್ತಿನ ಮದ್ದು ಕೊಟ್ಟರು. ಅಂಡೋತ್ಪತ್ತಿ ಗಂಟೆ ಎರಡು ಗಂಟೆ ಅಲ್ಲ, ಪೂರ್ತಿ 24 ಗಂಟೆ ಮುಂದೆ ಹೋಯ್ತು!

ಕತ್ತಲೆಯೇ ಇಲ್ಲದಿದ್ದರೆ ಆ ಸಂಕೇತ ಹದ ತಪ್ಪುತ್ತೆ. ಅಂಡಾಶಯದಲ್ಲಿ ಅಂಡ ಹೊತ್ತ ಕೋಶಕಗಳು ಬೆಳೆದು ಈಸ್ಟ್ರೋಜನ್ ಸುರಿಸುತ್ತಲೇ ಇರುತ್ತವೆ, ಎಲ್‌ಎಚ್ ಉಕ್ಕಲ್ಲ. ಅಂಡ ಬೀಳದ ಮೇಲೆ ಕಾರ್ಪಸ್ ಲೂಟಿಯಂ (ಅಂಡ ಬಿದ್ದ ಕೋಶಕದಿಂದ ಆಗುವ ಗ್ರಂಥಿ) ಎಲ್ಲಿಂದ ಬರಬೇಕು? ಈಸ್ಟ್ರೋಜನ್ ಇಳಿಯಲ್ಲ, ಅದಕ್ಕೇ ನಿಮ್ಮ ಸ್ಲೈಡ್ ತುಂಬ ಕಾರ್ನಿಫೈಡ್ ಕೋಶ.

ಅರ್ಜಿ ಪಾಸಾಗೋ ತನಕ ಕಾಯಬೇಡಿ. ಅಂಗಡಿಯಿಂದ ಸಾದಾ ಟೈಮರ್ ತಂದು 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಮಾಡಿ. ಬಾಗಿಲ ಸಂದಿಗೆ ಕಪ್ಪು ಬಟ್ಟೆ ಸಿಕ್ಕಿಸಿ, ಕಾರಿಡಾರ್ ಲೈಟ್ ಒಳಗೆ ನುಸುಳುತ್ತೆ. ಚಕ್ರ ಮರಳಿದರೆ ಗೈಡ್‌ಗೆ ಸ್ಲೈಡೇ ತೋರಿಸಿ. ಮಧ್ಯದ ಡೇಟಾ ಮಾತ್ರ ಬೇರೆ ಇಡಿ.

ಭೀಮಾತೀರ:
ಹಾಗಾದ್ರೆ ನಮ್ಮ ಹೊಲದ ಇಲಿಗಳೂ ಹಗಲಿನ ಉದ್ದ ನೋಡೇ ಮರಿ ಹಾಕ್ತಾವಾ?

ಬೀದರ್ ಮೇಷ್ಟ್ರು:
ಸಿರಿಯಾದ ಹ್ಯಾಮ್‌ಸ್ಟರ್ ಹಾಗೆ ಮಾಡುತ್ತೆ. ಹಗಲು ಹನ್ನೆರಡೂವರೆ ಗಂಟೆಗಿಂತ ಕಮ್ಮಿಯಾದರೆ ಗಂಡಿನ ವೃಷಣವೇ ಕುಗ್ಗುತ್ತೆ, ರಾತ್ರಿ ಹೊತ್ತು ಸುರಿಯೋ ಮೆಲಟೋನಿನ್ ಹಾರ್ಮೋನಿನ ಕೆಲಸ ಅದು. ನಮ್ಮಲ್ಲಿ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಸುಮಾರು ಎರಡು ಗಂಟೆ ವ್ಯತ್ಯಾಸ ಅಷ್ಟೇ. ಹೊಲದ ಇಲಿಗೆ ಮಳೆ ಮತ್ತು ಕಾಳು ಜಾಸ್ತಿ ಮುಖ್ಯ. ಪೈರು ತೆನೆಗೆ ಬಂದಾಗ ಬಿಲ ಅಗೆದು ನೋಡಿ, ಗೊತ್ತಾಗುತ್ತೆ.